ದೇಶ ಕಾಯುವ ಒಂದೇ ಬಲ್ಬು

ನನ್ನ ತಂಗಿಯ ಗಂಡ ಒಂದು ದಿನ ಕಂಬ ಹತ್ತದಿದ್ದರೆ ಭಾರತ ಬಿದ್ದುಹೋಗುತ್ತದೆ. ನಾನು ಹೇಳುತ್ತಿಲ್ಲ ಸ್ವಾಮಿ, ಅವನೇ ಹೇಳಿದ್ದು! ವಿರೂಪಾಕ್ಷಿಪುರದ ಕಡೆ ಲೈನ್‌ಮನ್ನು. ಹೆದ್ದಾರಿಯುದ್ದಕ್ಕೂ ಫ್ಯಾಕ್ಟರಿಗಳು ಎದ್ದಷ್ಟೂ ನಮ್ಮ ಬಲ್ಬುಗಳು ಮಂಕಾಗುತ್ತಿದ್ದ ಕಾಲ ಅದು. ಕರೆಂಟನ್ನು ಖಾಸಗಿಯವರಿಗೆ ಕೊಡುತ್ತಾರೆಂದು ನೌಕರರು ಮುಷ್ಕರ ಹೂಡಿದಾಗ, ಚನ್ನಪಟ್ಟಣದ ಶಾಮಿಯಾನದಲ್ಲಿ ಇವನದೇ ಮುಂದಿನ ಸಾಲು.

"ಸ್ವಿಚ್ಚು ಕಂಡೋರ ಕೈ ಸೇರುದ್ರೆ ದೇಶದ ಭದ್ರತೆ ಗತಿ ಏನ್ ಭಾವ? ಶತ್ರು ಒಂದೇ ಬೆರಳಲ್ಲಿ ಊರಿಗೂರೇ ಕತ್ಲು ಮಾಡ್ಬುಡ್ತಾನೆ!"

"ಆ ಕೆಲ್ಸ ದಿನಾ ನೀನೇ ಮಾಡ್ತಿದ್ದೀಯಲ್ಲಾ, ಶತ್ರುಗೆ ಏನ್ಲಾ ಉಳ್ಸಿದ್ದೀಯ?" ಎಂದೆ. ಶಾಮಿಯಾನವೇ ನಕ್ಕಿತು. ನಾಲ್ಕು ತಾಲ್ಲೂಕಿನಲ್ಲಿ ನನ್ನ ಬಾಯಿಗೆ ಸಾಟಿಯಿಲ್ಲ, ಬಿಡಿ.

ಬೋನಸ್ಸು ಪೂರಾ ಸುರಿದು ಮಾಳಿಗೆಯ ಮೇಲೆ ಒಂದು ಸೋಲಾರ್ ಹಲಗೆ ಇಟ್ಟಿದ್ದ. ಉರಿಯುತ್ತಿದ್ದದ್ದು ಒಂದೇ ಬಲ್ಬು. ಅದಕ್ಕೆ ಅವನಿಟ್ಟ ಹೆಸರು 'ಶುದ್ಧ ಇಂಧನದಲ್ಲಿ ಬಂಡವಾಳ'! "ಶತ್ರು ವಿಮಾನದೋರು ಅದ್ರ ಫೋಟೋ ಹೊಡೀತಾವ್ರಂತೆ ಕಣ್ಲಾ" ಎಂದು ಒಸಿ ಕಿವಿಗೆ ಊದಿದೆ. ಮಹಾಶಯ ಹಲಗೆಗೆ ಗೋಣಿಚೀಲ ಹೊದಿಸಿ ಇಡೀ ಹಗಲು ಕಾವಲು ಕೂತ. ಸಂಜೆ ಬಲ್ಬು ಮಿಂಚುಹುಳಕ್ಕೆ ನಾಚಿತು!

ಮುಷ್ಕರದ ನಡುವೆಯೇ ತಂಗಿ ಸಾಕಿದ್ದ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಅವಳೋ ಕೆಮ್ಮು ಜೋರಾಗಿ ಆಸ್ಪತ್ರೆಯಲ್ಲಿ. "ಈ ಬೆಳೆ ಒಂದು ಹಾಳ್ಮಾಡ್ಬೇಡಿ" ಎಂದು ಗಂಡನಿಗೆ ಒಪ್ಪಿಸಿ ಹೋಗಿದ್ದಳು. ಕರೆಂಟಿಲ್ಲ. ಊರವರೆಲ್ಲ ತಂತಮ್ಮ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಹಿಡಿದು, ಹುಳ ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಅದೇ ಚಂದ್ರಿಕೆಗೆ ಬಿಟ್ಟು, ಕತ್ತಲು ಮಾಡಿ ಬಾಗಿಲೆಳೆದರು. ಗೂಡು ಕಟ್ಟುವ ಹುಳಕ್ಕೆ ಕತ್ತಲೇ ಬೇಕು. ಮನೆಯೊಳಗೇ ಇದ್ದ ಹುಳುಕೋಣೆಗೆ ಎಂದೂ ಕಾಲಿಡದ ಇವನಿಗೆ ಅದೆಲ್ಲಿ ಗೊತ್ತು? ಬುಡ್ಡಿ ಹಚ್ಚದೆ ಸೋಲಾರ್ ಬಲ್ಬನ್ನು ಚಂದ್ರಿಕೆಯ ಪಕ್ಕಕ್ಕೇ ನೇತುಹಾಕಿ, ಹುಳ ಬಿಟ್ಟಾದ ಮೇಲೂ ಬೆಳಗಿನವರೆಗೆ ಉರಿಸಿದ! ಹುಳಗಳೆಲ್ಲ ಬೆಳಕಿಗೆ ಹೆದರಿ ಒಂದೇ ಮೂಲೆಗೆ ಓಡಿ, ಎರಡೆರಡು ಸೇರಿ ಒಂದೊಂದು ಗೂಡು ಕಟ್ಟಿದವು. ಅಂಥ ಜೋಡಿಗೂಡಿನ ನೂಲು ಬಿಚ್ಚಲು ಬ್ರಹ್ಮನಿಂದಲೂ ಆಗದು.

ರಾಮನಗರದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ಸಾಹೇಬರೊಬ್ಬರು ಗೂಡು ಹಿಡಿದು ನೋಡಿ, ಇವನತ್ತ ತಿರುಗಿ, "ಏನ್ ಗೌಡ್ರೇ, ಹುಳಕ್ಕೆಲ್ಲಾ ಸಾಮೂಹಿಕ ಮದ್ವೆ ಮಾಡ್ಸಿದ್ರಾ?" ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತಂಗಿ ಮನೆಗೆ ಬಂದ ದಿನ ಇವನಿಗೆ ಬೀಳುವ ಬೈಗುಳ ಕೇಳಲೆಂದೇ ಜಗಲಿ ಹಿಡಿದು ಕೂತೆ. ಅವಳು ಜೋಡಿಗೂಡು ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದಳು: "ಎಲ್ರಂಗೆ ಬುಡ್ಡಿ ಹಚ್ಕಂಡಿದ್ರೆ ಬೆಳೆ ಉಳೀತಿತ್ತಲ್ವಾ?"

ದೇಶ ಕಾಯುವವನು ತಲೆ ಎತ್ತಲಿಲ್ಲ. "ಅದ್ರ ಹೊಗೆ ವಾರಗಟ್ಲೆ ಮನೇಲೇ ನಿಲ್ತದೆ ಕಣಮ್ಮೀ. ನೀನು ವಾಪಸ್ ಬಂದು ಇಲ್ಲೇ ಅಲ್ವಾ ಉಸಿರಾಡ್ಬೇಕು?"

ತಂಗಿ ನಕ್ಕಳು. ನಗು ಮುಗಿಯುವವರೆಗೂ ಕೆಮ್ಮು ಬರಲಿಲ್ಲ.