ತೂತು ಹುಡುಕುವವನ ಟಪಾಲು

ನನ್ನ ಕೆಲಸ ಏನೆಂದು ಹೇಳಹೊರಟಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಸೋಲಾಪುರದಲ್ಲಿ ಎರಡು ಖೋಲಿ ಬಾಡಿಗೆ ಹಿಡಿದು ಒಬ್ಬನೇ ಇದ್ದೇನೆ. ಪುಣೆಯ ಕಂಪನಿಯೊಂದಕ್ಕೆ ಮನೆಯಿಂದಲೇ ದುಡಿಯುತ್ತೇನೆ. ಈಗ ಸಾಫ್ಟ್‌ವೇರನ್ನು ಯಾರೂ ಪೂರ್ತಿ ತಾವೇ ಬರೆಯುವುದಿಲ್ಲ. ಯಾರೋ ಬರೆದು ಪುಕ್ಕಟೆ ಬಿಟ್ಟ ಸಣ್ಣ ಸಣ್ಣ ಪ್ಯಾಕೇಜುಗಳನ್ನು ತಂದು ಜೋಡಿಸುತ್ತಾರೆ. ಯಾವ ಪ್ಯಾಕೇಜಿನಲ್ಲಿ ಕಳ್ಳ ನುಗ್ಗುವಂಥ ತೂತು ಸಿಕ್ಕಿದೆ ಎಂಬ ಯಾದಿ ಜಗತ್ತಿಗೆಲ್ಲ ತೆರೆದೇ ಇರುತ್ತದೆ. ದಿನಾ ಆ ಯಾದಿಯನ್ನು ನಮ್ಮ ಗಿರಾಕಿಗಳ ಪ್ಯಾಕೇಜುಗಳ ಜೊತೆ ತಾಳೆ ನೋಡಿ, ತೂತಿದ್ದರೆ ಬರೆದು ತಿಳಿಸಬೇಕು. ತಿಳಿಸುತ್ತೇನೆ. ಉತ್ತರ ಬರುವುದಿಲ್ಲ. ಯಾರಾದರೊಬ್ಬರು ತಿರುಗಿ ಎರಡು ಸಾಲು ಬರೆದರೆ ಸಾಕು ಎಂದು ವರ್ಷಗಟ್ಟಲೆ ಕಾಯುತ್ತಿದ್ದೇನೆ.

೧. ಆತ್ಯಾನ ತೀರ್ಮಾನ

ಅಕ್ಕಲಕೋಟೆಯಲ್ಲಿ ನನ್ನ ಸೋದರತ್ತೆ ಇದ್ದಾಳೆ, ನಮಗೆಲ್ಲ ಆತ್ಯಾ. ಒಮ್ಮೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದಳು, "ದಿನಾ ಒಬ್ಬನ ಕುಂತು ಏನ್ ಮಾಡ್ತೀಪಾ?"

ಅರ್ಧ ತಾಸು ವಿವರಿಸಿದೆ.

"ಅಂದ್ರ, ಮಂದಿ ಮಾಡಿದ್ದರಾಗ ತಪ್ಪು ಹುಡಕೂದು?"

"ಹೌದ ಆತ್ಯಾ."

"ಅದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ."

ಆತ್ಯಾ ಮೊರ ಕೆಳಗಿಟ್ಟು, ಒಳಗಿದ್ದ ಗಂಡನಿಗೆ ಕೇಳುವಂತೆ ಕೂಗಿದಳು. "ಕೇಳಿದ್ರೇನ್ರಿ? ನಿಮ್ಮವ್ವ ಈ ಕೆಲಸಾ ನಮ್ಮ ಮನ್ಯಾಗ ಮೂವತ್ತು ವರ್ಷ ಪುಕ್ಕಟ ಮಾಡಿ ಹೋದ್ರು!"

೨. ಒಂದು ಉತ್ತರ

ಉತ್ತರ ಬರುವುದೇ ಇಲ್ಲ ಎಂದರೆ ಸುಳ್ಳಾದೀತು. ವರದಿ ಕಳಿಸಿದ ಕೂಡಲೇ ಕಂಪನಿಯ ಯಂತ್ರ ತಾನಾಗಿ "ನಿಮ್ಮ ಪತ್ರ ತಲುಪಿದೆ" ಎಂದು ಬರೆಯುತ್ತದೆ. ಒಂದು ಭಾನುವಾರ ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. ತಡೆಯಲಾಗದೆ ಅದಕ್ಕೇ "ಊಟ ಆಯಿತೇ?" ಎಂದು ಬರೆದೆ.

ತಕ್ಷಣ ಉತ್ತರ ಬಂತು. "ನಿಮ್ಮ ಪತ್ರ ತಲುಪಿದೆ. ಮೂರು ದಿನಗಳೊಳಗೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

೩. ಖಂಡೇನವಮಿ

ನನ್ನ ಮನೆಯ ಮಾಲಕರು ಚಾದರಿನ ವ್ಯಾಪಾರಿ. ಕೆಳಗೇ ಅವರ ದುಕಾನು. ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಯಾದಿಯಲ್ಲಿ ದೊಡ್ಡ ತೂತೊಂದು ಕಂಡಿತು. ಅದೇ ಪ್ಯಾಕೇಜು ಮಾಲಕರ ಕಂಪ್ಯೂಟರಿನಲ್ಲೂ ಇತ್ತು. ಚಪ್ಪಲಿ ಸಹ ಹಾಕದೆ ಓಡಿದೆ. ಕಂಪ್ಯೂಟರಿಗೆ ಆಗಲೇ ಕುಂಕುಮ ಹಚ್ಚಿ, ಝೆಂಡು ಹೂವಿನ ಮಾಲೆ ಹಾಕಿ, ಬಂದ್ ಮಾಡಿ ಇಟ್ಟಿದ್ದರು.

"ಮಾಲಕ, ಇದರಾಗ ತೂತು ಸಿಕ್ಕೈತ್ರಿ. ಈಗಿಂದೀಗ ಹೊಸಾದು ಹಾಕ್ಬೇಕು."

"ಪೂಜಾ ಆಗೇತಿ. ನಾಳಿ ಬನ್ನಿ ಕೊಡೂತನಕ ಮುಟ್ಟಂಗಿಲ್ಲ."

"ಕಳ್ಳರು ನುಗ್ತಾರ್ರೀ!"

"ಮಶೀನ ಬಂದ್ ಐತಿ. ಎಲ್ಲಿಂದ ನುಗ್ತಾರ?"

ಬರಿಗಾಲಲ್ಲೇ ಮೆಟ್ಟಿಲು ಹತ್ತಿ ವಾಪಸು ಬಂದೆ. ಆ ತೂತಿನಿಂದ ಎರಡು ದಿನ ನಮ್ಮ ಗಿರಾಕಿಗಳೆಲ್ಲ ಒದ್ದಾಡಿದರು. ಮಾಲಕರು ಹೋಳಿಗೆ ಉಂಡು ಮಲಗಿದರು. ನನ್ನ ವರದಿಯ ಪರಿಹಾರದ ಕಾಲಮಿನಲ್ಲಿ "ಹೊಸ ಆವೃತ್ತಿ ಹಾಕುವವರೆಗೆ ಯಂತ್ರ ಬಂದ್ ಇಡಿ" ಎಂದು ಬರೆದು, ಸಿಟ್ಟಿಗೆ "ಕುಂಕುಮ ಐಚ್ಛಿಕ" ಎಂದೂ ಸೇರಿಸಿದೆ. ಓದುವವರು ಯಾರು? ಇವತ್ತಿಗೂ ಹಾಗೇ ಇದೆ.

೪. ಕೈಲಾಸವಾಸಿ

ಕಾಲೇಜಿನಲ್ಲಿದ್ದಾಗ ನಾನೂ ಒಂದು ಪ್ಯಾಕೇಜು ಬರೆದು ಬಿಟ್ಟಿದ್ದೆ. ಜನ್ಮತಾರೀಖನ್ನು ಅಂಕಿಯಲ್ಲಿ ಕೊಟ್ಟರೆ ಅದು ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತಿತ್ತು. ಶಾಲೆ ಬಿಟ್ಟ ದಾಖಲೆಗೆ ಹಾಗೆ ಬರೆಯಬೇಕಾಗುತ್ತದಲ್ಲ, ಅದಕ್ಕೆ. ಆಮೇಲೆ ಮರೆತೇಬಿಟ್ಟಿದ್ದೆ. ಮೊನ್ನೆ ಯಾದಿ ನೋಡುವಾಗ ಅದರ ಹೆಸರು ಕಂಡಿತು. ಬೇಕೆಂದೇ ಬಹಳ ಉದ್ದದ ಅಂಕಿ ಕೊಟ್ಟರೆ ಕಂಪ್ಯೂಟರು ನಿಂತುಹೋಗುತ್ತದಂತೆ. ಕೆಳಗೆ ಇನ್ನೊಂದು ಸಾಲು: "ಬರೆದವರಿಗೆ ನಾಲ್ಕು ಸಲ ತಿಳಿಸಲಾಗಿದೆ. ಉತ್ತರವಿಲ್ಲ."

ಕಾಲೇಜಿನ ಕಾಲದ ಇಮೇಲ್ ತೆರೆದೆ. ನಾಲ್ಕೂ ಪತ್ರ ಅಲ್ಲಿದ್ದವು. ಎರಡು ವರ್ಷದ ಹಿಂದೆ ದುಧನಿಯ ಕನ್ನಡ ಶಾಲೆಯ ಕ್ಲಾರ್ಕರೊಬ್ಬರು ಬರೆದದ್ದು. ಮೊದಲನೆಯದರಲ್ಲಿ ತೂತಿನ ವಿವರ. ಎರಡನೆಯದರಲ್ಲಿ ಅದನ್ನು ತಾವೇ ಮುಚ್ಚಿದ ಬಗೆ. ಮೂರನೆಯದು, "ಸರ್, ಓದಿದಿರಾ?" ನಾಲ್ಕನೆಯದು, "ಸರ್, ಇದ್ದೀರಾ?" ಉತ್ತರ ಕೊಡದವರನ್ನೆಲ್ಲ ಬೈದು ಬೈದು ನಾಲಿಗೆ ಸವೆಸಿದವನು ನಾನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿ ಹೆಸರು ಹೇಳಿದೆ.

ಕ್ಲಾರ್ಕರು ಹೆಸರನ್ನು ಮತ್ತೊಮ್ಮೆ ಹೇಳಿಸಿಕೊಂಡರು. "ನೀವು… ಇದ್ದೀರೇನ್ರಿ?"

"ಇದ್ದೀನ್ರಿ. ತಪ್ಪಾತು, ಪತ್ರ ನೋಡಿದ್ದಿಲ್ಲ."

"ಅಯ್ಯ! ನಾ ಸಾಲಿ ಕಂಪ್ಯೂಟರಿನ್ಯಾಗ ನಿಮ್ಮ ಹೆಸರಿನ ಹಿಂದ ಕೈಲಾಸವಾಸಿ ಅಂತ ಹಚ್ಚಿಬಿಟ್ಟೀನಲ್ರಿ!"

"ಇರ್ಲಿ ಬಿಡ್ರಿ."

"ಅಷ್ಟ ಅಲ್ರಿ…" ಕ್ಲಾರ್ಕರು ತಡವರಿಸಿದರು. "ಸಾಲಿಗೆ ಇಷ್ಟು ಉಪಕಾರ ಮಾಡ್ಯಾರ, ಪಾಪ, ಹಿಂದ ಮುಂದ ಯಾರೂ ಇದ್ದಂಗ ಕಾಣೂದಿಲ್ಲ ಅಂತ ನಮ್ಮವ್ವ ಪಿತೃಪಕ್ಷದಾಗ ನಮ್ಮ ಹಿರೇರ ಜೋಡಿ ನಿಮಗೂ ಒಂದು ಎಡಿ ಇಡಾಕತ್ಯಾಳ್ರಿ."

ನನಗೆ ನಗು ಬರಬೇಕಿತ್ತು, ಅಳು ಬಂತು. ನಾನು ಇಲ್ಲಿ ತಣ್ಣಗಿನ ಉಪ್ಪಿಟ್ಟು ತಿನ್ನುತ್ತ ಕೂತಿದ್ದಾಗ ದುಧನಿಯಲ್ಲಿ ಯಾರೋ ನನ್ನ ಹೆಸರಿನಲ್ಲಿ ಬಿಸಿ ಅಡುಗೆ ಬಡಿಸಿದ್ದರು. ಆ ಭಾನುವಾರವೇ ರೈಲು ಹತ್ತಿದೆ.

ಬಾಗಿಲಲ್ಲಿ ಕ್ಲಾರ್ಕರ ತಾಯಿ ನನ್ನನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. ತಾಟಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ ಎದುರಿಗೇ ಕೂತರು. ನಾನು ಮೂರನೆಯ ರೊಟ್ಟಿ ಮುರಿದಾಗ ಅವರಿಗೆ ನಂಬಿಕೆ ಬಂದಂತೆ ಕಂಡಿತು. ಹಣೆ ಬಡಿದುಕೊಂಡು ಮಗನ ಕಡೆ ತಿರುಗಿದರು.

"ಎರಡ ವರ್ಷ ಆತು, ಎಲ್ಲಾರ ಎಡಿ ಕಾಗಿ ಮುಟ್ಟತಿತ್ತು, ಇವರದಷ್ಟ ಮುಟ್ಟತಿದ್ದಿಲ್ಲ. ಜೀವ ಯಾತರಾಗ ಸಿಕ್ಕೊಂಡೈತೋ ಅಂತ ನಾ ಕಾಗೀಗೆ ಕೈ ಮುಗಿದು ಮುಗಿದು ಸಾಕಾದ್ನಿ. ಆ ಕಾಗೀಗೆ ಗೊತ್ತಿತ್ತಲ್ಲೋ! ಇಷ್ಟ ಕಲತು ನಿನಗ ತಿಳೀಲಿಲ್ಲ!"