ಕೊಪ್ಪರಿಗೆಯಲ್ಲಿ ಜಲವಿಹಾರ

ನೀರಿನ ವಿಷಯದಲ್ಲಿ ನನಗೆ ಅಪಾರ ಜ್ಞಾನವಿತ್ತು. ಈಜು ಬರುತ್ತಿರಲಿಲ್ಲ, ಅದು ಬೇರೆ ಮಾತು! ಮದ್ದೂರಿನ ಶಾಲೆಯಲ್ಲಿ ಭೂಗೋಳ ಪಾಠ ಮಾಡುವವನು ಈಜು ಕಲಿತು ಆಗಬೇಕಾದದ್ದೇನು?

ಈ ಜ್ಞಾನಕ್ಕೆ ಕಿಡಿ ಹಚ್ಚಿದವನು ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರು, ಶೀನಪ್ಪ. ರಜೆಯಲ್ಲಿ ಮಂಗಳೂರು ನೋಡಿ ಬಂದಿದ್ದ. ಅಲ್ಲಿ ಸಮುದ್ರದ ಉಬ್ಬರ ಹೊಳೆಯೊಳಕ್ಕೆ ನುಗ್ಗುತ್ತದಂತೆ. ದೋಣಿಯಲ್ಲಿ ಸುಮ್ಮನೆ ಕೂತರೆ ನೀರೇ ಮೇಲಕ್ಕೆ ಕರೆದೊಯ್ದು, ಇಳಿತದಲ್ಲಿ ನೀರೇ ವಾಪಸು ತಂದು ಬಿಡುತ್ತದಂತೆ.

"ನಮ್ ಸೀಮೇಲಿ ಏನೈತ್ಲಾ? ಬರೀ ಕಬ್ಬು, ಕೆಸರು!" ಎಂದ.

ನನಗೆ ರೇಗಿತು. "ನಮ್ ನಾಲೆಗೇನ್ಲಾ ಕಮ್ಮಿ? ಬೆಳಿಗ್ಗೆ ನೀರು ಬುಡ್ತಾರೆ, ಸಂಜೆಗೆ ನಿಲ್ಲಿಸ್ತಾರೆ. ಅದೂ ಉಬ್ಬರ ಇಳಿತವೇ ಕಣ್ಲಾ!"

ಮಾತು ಆಡಿಯಾಗಿತ್ತು, ದೋಣಿ ಎಲ್ಲಿ? ವೈದ್ಯನಾಥಪುರದ ಹತ್ತಿರ ನಮ್ಮ ಮಾವನ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಕಬ್ಬಿಣದ ಕೊಪ್ಪರಿಗೆಯಿತ್ತು. ನಾಲ್ಕು ಜನ ಕಾಲು ಚಾಚಿ ಮಲಗಬಹುದಾದಷ್ಟು ಅಗಲ. ಮಾವ ಮದ್ದೂರಿನ ಸಂತೆಗೆ ಹೋಗಿದ್ದರು. ತವರಿನಲ್ಲೇ ಇದ್ದ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ನಾಳೆ ಬೆಳಿಗ್ಗೆ ಅಪ್ಪಯ್ಯ ಒಲೆ ಹಚ್ತಾರೆ. ಕಡ್ದಿರೋ ಕಬ್ಬು ರಾಸಿ ಬಿದ್ದದೆ. ಕೊಪ್ಪರಿಗೆಗೆ ಏನಾರಾ ಆದ್ರೆ ವರ್ಸದ ಬೆಳೆಯೆಲ್ಲ ಒಣಗಿ ಕೆಟ್ಟೋಯ್ತದೆ ಕಣ್ರೀ!"

"ಸಂಜೆಗೆ ತಂದಿಡ್ತೀನಿ ಬುಡು. ಯುದ್ಧದ ಕಾಲ, ಪೆಟ್ರೋಲಿಲ್ದೆ ಬಸ್ಸೇ ಇದ್ದಿಲಲ್ಲಿ ಓಡ್ತಾ ಅದೆ. ಕೊಪ್ಪರಿಗೆ ನೀರಲ್ಲಿ ಓಡಬಾರದಾ?"

ಸೈಕಲ್ ಅಂಗಡಿಯ ಗೆಳೆಯ ಕರೀಂ ಕೊಪ್ಪರಿಗೆಯನ್ನು ನಾಲೆಗೆ ಸಾಗಿಸಲು ಎತ್ತಿನ ಗಾಡಿ ಹೊಂದಿಸಿದ. ಪಾಕ ಕೆದಕುವ ಮರದ ಸಟ್ಟುಗಗಳೇ ಹುಟ್ಟುಗಳಾದವು. ಒಂದು ಚೀಲ ಕಡಲೆಕಾಯಿ ಸಮೇತ ಶೀನಪ್ಪ, ಕರೀಂ, ನಾನು ಮೂವರೂ ನಾಲೆಯಲ್ಲಿ ಪ್ರಯಾಣ ಬೆಳೆಸಿದೆವು.

ಕೊಪ್ಪರಿಗೆಗೆ ಹಿಂದು ಮುಂದು ಎಂಬುದಿಲ್ಲ. ನಾನು ಬಲಕ್ಕೆ ಹುಟ್ಟು ಹಾಕಿದರೆ ಎಡಕ್ಕೆ ಗಿರ್ರನೆ ತಿರುಗಿತು. ಶೀನಪ್ಪ ಎಡಕ್ಕೆ ಹಾಕಿದರೆ ಬಲಕ್ಕೆ ಗಿರ್ರನೆ ತಿರುಗಿತು. ಇಬ್ಬರೂ ನಿಲ್ಲಿಸಿದಾಗ ಅದು ತನ್ನಿಷ್ಟಕ್ಕೆ ತಿರುಗಿತು! ಕರೀಂ ಬೆಳಗಿನ ತಿಂಡಿಯನ್ನು ನಾಲೆಗೆ ಸಮರ್ಪಿಸಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತರು.

"ನೋಡ್ರವ್ವಾ, ಮೇಷ್ಟ್ರುಗಳ ಪಾಕ ಕಾಯ್ತಾ ಅದೆ!"

"ಒಸಿ ಬೆಂಕಿ ಹಾಕ್ರಪ್ಪ ಕೆಳೀಕೆ, ಬೇಗ ಬೇಯ್ಲಿ!"

ಊರು ಕಣ್ಮರೆಯಾದ ಮೇಲೆ ಕರೀಂ ಮೆಲ್ಲಗೆ ಕೇಳಿದ: "ವಾಪಸ್ ಓಗಾದು ಎಂಗೆ ಮೇಷ್ಟ್ರೇ?"

ಶೀನಪ್ಪ ನನ್ನ ಮುಖ ನೋಡಿದ. ನಾಲೆಯ ನೀರು ಒಂದೇ ಕಡೆಗೆ ಹರಿಯುತ್ತದೆ ಎಂಬ ಸತ್ಯ ಭೂಗೋಳದ ಮೇಷ್ಟ್ರಿಗೆ ಆಗ ಹೊಳೆಯಿತು!

ಹೊಳೆದ ಗಳಿಗೆಯಲ್ಲೇ ಕೆಳಗಿನ ಹಳ್ಳಿಯ ತೂಬು ಎದುರಾಯಿತು. ಎರಡು ಕಲ್ಲುಕಂಬ, ನಡುವೆ ಇಕ್ಕಟ್ಟಾದ ದಾರಿ. ಕೊಪ್ಪರಿಗೆ ಓರೆಯಾಗಿ ನುಗ್ಗಿ, ಗಡಿಗೆಗೆ ಮುಚ್ಚಳ ಕೂತ ಹಾಗೆ ಕೂತುಬಿಟ್ಟಿತು. ನಾವು ಕಂಬ ತಬ್ಬಿಕೊಂಡು ಜೀವ ಉಳಿಸಿಕೊಂಡೆವು. ಹಿಂದೆ ನೀರು ಏರಿ ಯಾರದೋ ಗದ್ದೆಗೆ ನುಗ್ಗಿತು, ಮುಂದೆ ನಾಲೆ ಒಣಗಿತು. ಆವತ್ತು ನೀರಿನ ಸರದಿ ಆ ಹಳ್ಳಿಯದು. ಕಾದು ಕಾದು ಬೇಸತ್ತ ಊರು ಗುದ್ದಲಿ ಸಮೇತ ಬಂತು.

"ಯಾವನ್ಲಾ ಅವ್ನು, ನಮ್ ನೀರ್ಗೆ ಕೊಪ್ಪರಿಗೆ ಅಡ್ಡ ಇಟ್ಟೋನು?" ಎಂದು ಮುಂದೆ ನಿಂತ ಗೌಡ ಗುಡುಗಿದ.

"ಮರ್ಯಾದೆಯಾಗಿ ಮಾತಾಡಿ, ನಾವು ಓದಿದವರು!" ಎಂದ ಶೀನಪ್ಪ, ಕಂಬದ ಮೇಲಿಂದ.

"ಅದ್ ಗೊತ್ತಾಯ್ತದೆ ಬುಡು. ಓದ್ದೋರಲ್ದೆ ಇನ್ಯಾರು ಕೊಪ್ಪರಿಗೇಲಿ ಕುಂತ್ಕಂಡು ಊರು ಸುತ್ತಾರು?"

ಎರಡು ಜೊತೆ ಎತ್ತು ಕಟ್ಟಿ ಎಳೆದರು. ಕೊಪ್ಪರಿಗೆ ಬಂತು. ತಳದ ತಗಡು ಮೊಳದುದ್ದ ಸೀಳಿತ್ತು! ಅಷ್ಟರಲ್ಲಿ ಏರಿಯ ಮೇಲೆ ಒಂದು ಗಾಡಿ ನಿಂತಿತು. ಸಂತೆಯಿಂದ ಮರಳುತ್ತಿದ್ದ ನಮ್ಮ ಮಾವ!

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸೀಳಿನೊಳಗೆ ಕೈ ತೂರಿಸಿ ನೋಡಿದರು, ತೊಟ್ಟಿಕ್ಕುತ್ತಿದ್ದ ನನ್ನನ್ನು ನೋಡಿದರು, ಆಮೇಲೆ ಗೌಡನತ್ತ ತಿರುಗಿದರು.

"ಇವ್ನು ನಮ್ಮಳಿಯ ಗೌಡ್ರೇ. ಕಬ್ಬು ಕಡ್ಸಿ ಆಗೋಗದೆ. ನಿಮ್ಮೂರಲ್ಲಿ ಕೊಪ್ಪರಿಗೆ ಯಾವ್ದಾರಾ ಖಾಲಿ ಐತಾ?"

"ನಂದೇ ಐತೆ, ತಕ್ಕಂಡೋಗಿ. ಆದ್ರೆ ಒಂದ್ ಮಾತು. ನಿಮ್ಮಳಿಯ ಅದರ ಅತ್ರಕ್ಕೆ ಬರ್ಕೂಡ್ದು!"

ಮಾವ ಎಲ್ಲರೆದುರಿಗೆ ಮಾತು ಕೊಟ್ಟರು. ಒಂದು ಗಳಿಗೆಯೂ ಯೋಚಿಸಲಿಲ್ಲ.

ಮರುದಿನ ಆಲೆ ಆಡಿತು, ಕಬ್ಬು ಉಳಿಯಿತು. ಆಲೆಮನೆಗೆ ಬಂದವರು ದಾರಿಹೋಕರಾದರೂ ಸರಿ, ಬಿಸಿ ಬೆಲ್ಲ ಕೊಟ್ಟೇ ಕಳಿಸುವುದು ನಮ್ಮ ಕಡೆಯ ವಾಡಿಕೆ. ಶೀನಪ್ಪ ತಿಂದ. ಕರೀಂ ತಿಂದ. ಎತ್ತುಗಳೂ ತಿಂದವು. ಮನೆಯ ಅಳಿಯನಾದ ನಾನು ಬೇಲಿಯಾಚೆ ನಿಂತು ಘಮಲು ಕುಡಿಯುತ್ತಿದ್ದೆ. ನಾಚಿಕೆಯೂ ಆಗುತ್ತಿತ್ತು, ಹಸಿವೂ ಆಗುತ್ತಿತ್ತು.

ಕೊನೆಗೆ ಹೆಂಡತಿಗೆ ಮರುಕ ಬಂತು. ಬಾಳೆಲೆಯ ತುಂಡಿನಲ್ಲಿ ಬೆಲ್ಲ ಹಿಡಿದು ಬಂದಳು.

"ಅಲ್ಲೇ ನಿಂತ್ಕಳಿ, ಒಂದೆಜ್ಜೆ ಮುಂದ್ಕೆ ಬರ್ಬ್ಯಾಡಿ. ಅಪ್ಪಯ್ಯ ಮಾತು ಕೊಟ್ಟವ್ರೆ."

ಅವಳು ಆ ಕಡೆಯಿಂದ ಕೈ ಚಾಚಿದಳು, ನಾನು ಈ ಕಡೆಯಿಂದ ಚಾಚಿದೆ. ಎಲೆ ಜಾರಿ ಬೇಲಿಯ ಬುಡಕ್ಕೆ ಬಿತ್ತು. ನಾನೂ ಮಾವನ ಮನೆಯ ನಾಯಿಯೂ ಒಟ್ಟಿಗೇ ಬಾಗಿದೆವು.

ಸಿಕ್ಕಿದ್ದು ನಾಯಿಗೆ!