ಅಯಸ್ಕಾಂತದ ಬೀಗಕ್ಕೆ ಆನೆಬೇಲಿಯ ತಂತಿ

ನನಗೆ ಕರೆಂಟಿನ ವಿಷಯ ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ದೋಣಿಗಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಎಲ್ಲಿ ಏನು ಕೆಲಸ ಮಾಡಬೇಕೆಂದು ಹೇಳುವವನು. ಅದರ ಜೊತೆಗೆ ಆಳುಗಳು ವಾಸಿಸುವ ಲೈನ್ ಮನೆಗಳ ಫ್ಯೂಸು, ಪಂಪಿನ ಸ್ಟಾರ್ಟರು, ಸಾವ್ಕಾರ್ರ ಮನೆಯ ಮಿಕ್ಸಿ ಎಲ್ಲವನ್ನೂ ನಾನೇ ಬಿಚ್ಚಿ ರಿಪೇರಿ ಮಾಡುತ್ತಿದ್ದೆ. ಮಿಕ್ಸಿ ಒಂದು ಮಾತ್ರ ಆಮೇಲೆ ತಿರುಗಲಿಲ್ಲ. ಅದಕ್ಕೆ ವಯಸ್ಸಾಗಿತ್ತು!

ಎರಡು ಸಾವಿರದ ಇಸವಿ ಕಳೆದ ಹೊಸತು. ಸುತ್ತಮುತ್ತ ಮೆಣಸಿನ ಕಳ್ಳತನ ಜಾಸ್ತಿಯಾಗಿ, ಕಾಫಿ, ಮೆಣಸು ತುಂಬಿಡುವ ನಮ್ಮ ಸ್ಟೋರಿನ ಬೀಗವನ್ನೂ ಎರಡು ಸಲ ಒಡೆದಿದ್ದರು. ಸಾವ್ಕಾರ್ರು ರೋಸಿಹೋಗಿ ಬೆಂಗಳೂರಿನಿಂದ ಅಯಸ್ಕಾಂತದ ಬೀಗ ತಂದರು. ಬಾಗಿಲ ಚೌಕಟ್ಟಿನಲ್ಲಿ ಅಯಸ್ಕಾಂತ, ಬಾಗಿಲಿಗೆ ಕಬ್ಬಿಣದ ಪಟ್ಟಿ. ಕರೆಂಟು ಹರಿಯುವಷ್ಟು ಹೊತ್ತು ಜೋಡೆತ್ತು ಕಟ್ಟಿ ಎಳೆದರೂ ಬಾಗಿಲು ಬರುವುದಿಲ್ಲ. ಕರೆಂಟು ತೆಗೆದರೆ ತಾನೇ ಬಿಟ್ಟುಕೊಳ್ಳುತ್ತದೆ.

ಸ್ಟೋರಿನ ಲೈಸೆನ್ಸಿಗೆ ಬೆಂಕಿ ಅಲಾರಂ ಬೇಕೆಂದು ಅದನ್ನು ಮೊದಲೇ ಹಾಕಿಸಿಯಾಗಿತ್ತು. ಹೊಗೆ ಕಂಡುಹಿಡಿಯುವ ಡಬ್ಬಿಗಳು ಸ್ಟೋರಿನಲ್ಲಿ. ಗಂಟೆ ಹೊಡೆಯುವ ಪ್ಯಾನೆಲ್ಲು ಮೇಲೆ, ಒಂದು ಫರ್ಲಾಂಗ್ ದೂರದ ಆಫೀಸಿನಲ್ಲಿ. ಅದರ ವೈರನ್ನು ಅಲಾರಂ ಕಂಪನಿಯವರೇ ನೆಲದಡಿ ಹೂತು ಹೋಗಿದ್ದರು. ಈಗ ತಪಾಸಣೆಗೆ ಬರುವ ಅಧಿಕಾರಿಗಳು ಹೊಸ ಷರತ್ತು ಹಾಕಿದರು. ಗಂಟೆ ಹೊಡೆದ ಕೂಡಲೇ ಬೀಗ ತಾನಾಗಿ ಬಿಡಬೇಕು. ಒಳಗಿದ್ದವರು ಹೊರಗೆ ಬರಬೇಕು.

"ಹಾಸನದಿಂದ ಯಾರಾದ್ರೂ ಇಂಜಿನಿಯರ್ ಕರೆಸ್ಲಾ ರೈಟ್ರೆ?" ಎಂದರು ಸಾವ್ಕಾರ್ರು.

"ಇಷ್ಟಕ್ಕೆಲ್ಲ ಇಂಜಿನಿಯರ್ ಯಾಕೆ ಸಾರ್? ನಾನಿಲ್ವಾ!"

"ಲೈಸೆನ್ಸ್ ತಪ್ಪಿದ್ರೆ ನೀವು ಗಂಟುಮೂಟೆ ಕಟ್ಬೇಕಾಗ್ತೈತೆ. ಈಗ್ಲೇ ಹೇಳಿದ್ದೀನಿ."

ಮನೆಗೆ ಬಂದು ಹೆಂಡತಿ ಜಯಮ್ಮನಿಗೆ ವಿಷಯ ತಿಳಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಆ ಮಿಕ್ಸಿ ನೆನಪೈತೇನ್ರೀ?" ಎಂದಳು. ಹೆಂಗಸರಿಗೆ ತಾಂತ್ರಿಕ ವಿಷಯ ಅರ್ಥವಾಗುವುದಿಲ್ಲ ಎಂದುಕೊಂಡು ಇಕ್ಕಳ ಹುಡುಕತೊಡಗಿದೆ.

ಮೊದಲನೆಯ ಸಮಸ್ಯೆ, ಅಷ್ಟು ದೂರಕ್ಕೆ ವೈರು. ಅದಕ್ಕೆ ನನಗೆ ಹೊಳೆದದ್ದು ಆನೆಬೇಲಿ! ಆಫೀಸಿನಿಂದ ಸ್ಟೋರಿನವರೆಗೂ ಐದೆಳೆ ತಂತಿ ಆಗಲೇ ಎಳೆದಿತ್ತು. ಅದಕ್ಕೆ ಕರೆಂಟು ಕೊಡುವ ಯಂತ್ರ ಕೆಟ್ಟು ಎರಡು ಮಳೆಗಾಲ ಕಳೆದಿತ್ತು. ಅದು ಆನೆಗಳಿಗೂ ಗೊತ್ತಾಗಿತ್ತು. ಅದರಲ್ಲೇ ಎರಡೆಳೆ ಬಳಸಿ ಪ್ಯಾನೆಲ್ಲಿಗೂ ಬೀಗಕ್ಕೂ ಸಂಬಂಧ ಕಲ್ಪಿಸಿದೆ. ಗಂಟೆ ಹೊಡೆದರೆ ಬೇಲಿಯ ಮೂಲಕ ಸುದ್ದಿ ಬಂದು ಬೀಗದ ಕರೆಂಟು ಕಡಿದುಹೋಗಬೇಕು. ದಿನವೂ ಬಾಗಿಲು ತೆಗೆಯುವ ಸ್ವಿಚ್ಚನ್ನೂ ಆಫೀಸಿನಲ್ಲೇ ಇಟ್ಟು ಅದೇ ತಂತಿಗೆ ಸೇರಿಸಿದೆ.

ಎರಡನೆಯದು, ನಮ್ಮ ಕಡೆ ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತದೆ. ಪ್ರತಿ ಸಲವೂ ಬಾಗಿಲು ಬಿಟ್ಟುಕೊಂಡರೆ ಕಳ್ಳರಿಗೆ ಹಬ್ಬ! ಆದ್ದರಿಂದ ಟ್ರ್ಯಾಕ್ಟರ್ ಬ್ಯಾಟರಿಯನ್ನೂ ಸೇರಿಸಿದೆ. ಅದಕ್ಕೆ ಯಾರ ಕೈಯೂ ತಾಗದಿರಲೆಂದು ಸ್ಟೋರಿನ ಒಳಗೇ ಅಟ್ಟದ ಮೇಲಿಟ್ಟು, ಏಣಿಯನ್ನು ಹೊರಗೆ ಹಾಕಿದೆ. ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಬಾಗಿಲು ಠಕ್ಕೆಂದು ಬಿಟ್ಟಿತು!

ಅಧಿಕಾರಿಗಳು ಬರುವ ದಿನ ಬೆಳಿಗ್ಗೆ ಬೇಗನೆ ಹಾಜರಿ ಹಾಕಿದೆ. ಎಲ್ಲರಿಗೂ ಸ್ವಚ್ಛತೆಯ ಕೆಲಸವನ್ನೇ ಹಂಚಿದೆ. ನಮ್ಮ ಹಳೆಯ ಆಳು ತಮ್ಮಯ್ಯನನ್ನು ಕರೆದು, "ಸ್ಟೋರ್ ದಾರೀಲಿ ಲಂಟಾನ ಪೊದೆ ಸವರ್ಬುಡು. ಕಣ್ಣಿಗೆ ಬೀಳೋ ಹಳೇ ಗುಜರಿ ಒಂದೂ ಇರ್ಬಾರ್ದು" ಎಂದು ಖಡಾಖಂಡಿತವಾಗಿ ಆಜ್ಞಾಪಿಸಿದೆ.

ಹನ್ನೊಂದು ಗಂಟೆಗೆ ಜೀಪು ಬಂತು. ಅಧಿಕಾರಿ ತೆಳ್ಳಗಿನ ಮನುಷ್ಯ, ಮಾತು ಕಮ್ಮಿ. ಒಂದು ಕಬ್ಬಿಣದ ಬಾಣಲೆಯಲ್ಲಿ ಕೆಂಡ ಹಾಕಿಸಿ, ಮೇಲೆ ಕಾಫಿ ಸಿಪ್ಪೆ ಸುರಿಸಿದರು. "ನಾನು ಒಳಗೆ ಹೊಗೆ ಹಾಕ್ತೀನಿ. ನೀವು ಆಫೀಸಲ್ಲಿ ಪ್ಯಾನೆಲ್ ಮುಂದೆ ನಿಂತ್ಕೊಳ್ಳಿ" ಎಂದರು. "ನಾನೂ ಒಳಗೇ ಇರ್ತೀನಿ. ನಮ್ಮ ರೈಟ್ರು ಮಾಡಿರೋ ಕೆಲಸ" ಎಂದು ಸಾವ್ಕಾರ್ರೂ ಒಳಗೆ ಹೋದರು. ಆ ನಂಬಿಕೆ ನೆನೆದರೆ ನನಗೆ ಈಗಲೂ ಬೆವರು ಬರುತ್ತದೆ.

ಆಫೀಸಿನಲ್ಲಿ ನಿಂತೆ. ಒಂದು ನಿಮಿಷ. ಎರಡು ನಿಮಿಷ. ಗಂಟೆ ಹೊಡೆಯಿತು! ಕೆಂಪು ದೀಪವೂ ಉರಿಯಿತು. ಸಂತೋಷದಿಂದ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹೆಗಲ ಮೇಲೊಂದು ದೊಡ್ಡ ಸುರುಳಿ ಹೊತ್ತು ತಮ್ಮಯ್ಯ ಬಂದು, ಅದನ್ನು ಬಾಗಿಲಲ್ಲಿ ಧೊಪ್ಪೆಂದು ಹಾಕಿದ.

"ಎಲ್ಲಾ ಕ್ಲೀನ್ ಮಾಡ್ಬುಟ್ಟೆ ರೈಟ್ರೆ. ಲಂಟಾನನೂ ಸವರ್ದೆ, ಈ ತುಕ್ಕು ತಂತಿನೂ ಕಿತ್ತು ಸುತ್ಬುಟ್ಟೆ. ಅಸಹ್ಯವಾಗಿ ಕಾಣ್ತಿತ್ತು."

"ಯಾವ ತಂತಿ ಮಾರಾಯ?"

"ಆನೆಬೇಲೀದು. ಐದೆಳೆನೂ!"

ಅವನನ್ನು ತಳ್ಳಿಕೊಂಡು ಆ ಇಳಿಜಾರಿನಲ್ಲಿ ಓಡಿದೆ. ಒಂದು ಚಪ್ಪಲಿ ಕಾಫಿ ಗಿಡದ ಬುಡಕ್ಕೆ ಹೋಯಿತು. ಸ್ಟೋರಿನ ಅಂಗಳದಲ್ಲಿ ಹೆಣ್ಣಾಳುಗಳು ಗುಂಪಾಗಿ ನಿಂತಿದ್ದರು. ಸಾಹೇಬರಿಗೆ ಕಾಫಿ ತಂದ ಜಯಮ್ಮ ಕೆಟಲ್ ಹಿಡಿದುಕೊಂಡೇ ಇದ್ದಳು. ಒಳಗಿನಿಂದ ಬಾಗಿಲನ್ನು ದಬದಬ ಬಡಿಯುತ್ತಿದ್ದರು. ಜಾಲರಿ ಹಾಕಿದ ಪುಟ್ಟ ಕಿಟಕಿಯಿಂದ ಹೊಗೆ ಬರುತ್ತಿತ್ತು. ಹೊಗೆಯ ನಡುವೆ ಅಧಿಕಾರಿಯ ಮೂಗು ಮಾತ್ರ ಕಾಣುತ್ತಿತ್ತು.

"ಬಾಗಿಲು ತೆಗೀರಿ ರೈಟ್ರೆ!" ಸಾವ್ಕಾರ್ರ ಕೂಗು, ಆಮೇಲೆ ಕೆಮ್ಮು.

"ಒಂದೇ ನಿಮಿಷ ಸಾರ್! ಅಲ್ಲೇ ಬಕೆಟ್ಟಲ್ಲಿರೋ ನೀರು ಬಾಣಲೆಗೆ ಹಾಕಿ!"

ಹಾಕಿದರು. ಹೊಗೆ ಎರಡರಷ್ಟಾಯಿತು! ನಾನು ಓಡಿಹೋಗಿ ಹೊರಗಿನ ಮೇನ್ ಸ್ವಿಚ್ ಎಳೆದೆ. ಒಳಗಿನ ದೀಪಗಳು ಆರಿಹೋದವು. ಬೀಗ ಜಪ್ಪಯ್ಯ ಅನ್ನಲಿಲ್ಲ. ಬ್ಯಾಟರಿ ಇತ್ತಲ್ಲ!

"ಯಾವನೋ ಅವ್ನು ಲೈಟ್ ಆರ್ಸಿದ್ದು?" ಸಾವ್ಕಾರ್ರು ಗುಡುಗಿದರು.

"ನಾನೇ ಸಾರ್! ಅಟ್ಟದ ಮೇಲೆ ಬ್ಯಾಟರಿ ಐತೆ, ಅದರ ವೈರ್ ಕೀಳಿ!"

"ಏಣಿ ಎಲ್ಲಿ?"

ಏಣಿ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿತ್ತು. ಇಬ್ಬರ ಪ್ರಾಣ ನನ್ನ ತಲೆಗೆ ಬರುತ್ತದೆಂದು ನಿಜವಾಗಿಯೂ ಹೆದರಿದೆ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತುಕೊಳ್ಳುತ್ತಾ ಹ್ಯಾಂಡಲ್ಲಿಗೆ ಜೋತುಬಿದ್ದೆ. ಹ್ಯಾಂಡಲ್ ಕಿತ್ತು ಕೈಗೆ ಬಂತು.

ಆಗ ಜಯಮ್ಮ ಕೆಟಲ್ ಕೆಳಗಿಟ್ಟಳು. "ಅತ್ಲಾಗೆ ಸರೀರಿ. ಬೀಗ ಆ ಕಡೆ ಹಿಡ್ಕೊಂಡ್ರೆ ಹಿಡ್ಕೊಳ್ಳಿ, ಕೀಲು ಈ ಕಡೆ ಹೊರಗೇ ಐತಲ್ಲ! ತಮ್ಮಯ್ಯಣ್ಣ, ಸುತ್ತಿಗೆ ಕೊಡು."

ನನ್ನ ಹಿಂದೆಯೇ ಓಡಿಬಂದಿದ್ದ ತಮ್ಮಯ್ಯ ಸ್ಟೋರಿನ ಜಗಲಿಯಿಂದ ಸುತ್ತಿಗೆ, ಒಂದು ದಪ್ಪ ಮೊಳೆ ತಂದುಕೊಟ್ಟ. ಜಯಮ್ಮ ಕೆಳಗಿನಿಂದ ಟಣ್ ಟಣ್ ಎಂದು ನಾಲ್ಕು ಏಟು ಹಾಕಿ ಮೂರೂ ಕೀಲುಗಳ ಪಿನ್ನು ಹಾರಿಸಿದಳು. ಹೆಣ್ಣಾಳುಗಳು ಸೇರಿ ಕೀಲಿನ ಕಡೆಯಿಂದ ಬಾಗಿಲನ್ನು ಈಚೆಗೆ ಎಳೆದರು. ಆ ಸಂದಿನಿಂದ ಇಬ್ಬರೂ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದರು. ಬೀಗ ಮಾತ್ರ ಇನ್ನೊಂದು ಅಂಚನ್ನು ಬಿಟ್ಟಿರಲಿಲ್ಲ.

ಅಧಿಕಾರಿ ಒಂದು ಚೊಂಬು ನೀರು ಕುಡಿದು, ಹೊರಗಿದ್ದ ಕೀಲುಗಳನ್ನೂ ನನ್ನನ್ನೂ ನೋಡಿದರು. "ಇದನ್ನ ಹಾಕಿದ್ದು ಕಳ್ಳರಿಗೆ ಹೆದರಿ ಅಲ್ವಾ?" ಎಂದು ಕೇಳಿದರು.

ಸಾವ್ಕಾರ್ರ ಬಿಳಿ ಷರಟು ಮಸಿಯಾಗಿತ್ತು. ನಾನು ಅವರ ಎದುರಿಗೆ ಹೋಗಿ, "ಗಂಟುಮೂಟೆ ಕಟ್ತೀನಿ ಸಾರ್" ಎಂದೆ.

"ನೀವು ಕಟ್ಟಿದ್ರೆ ಜಯಮ್ಮನೂ ಹೊರಡ್ತಾಳಲ್ಲ. ಇರಿ" ಎಂದರು.

ಮರುವಾರ ಹಾಸನದ ಇಂಜಿನಿಯರ್ ಬಂದು ಸರಿಯಾದ ಕೇಬಲ್ ಹಾಕಿ, ಕೀಲುಗಳನ್ನೂ ಭದ್ರ ಮಾಡಿದರು. ಅಧಿಕಾರಿ ಮತ್ತೆ ಬಂದು ಎಲ್ಲವನ್ನೂ ಒಪ್ಪಿದರು, ಆದರೆ ಬಾಗಿಲ ಪಕ್ಕ ಒಂದು ಸೂಚನಾ ಫಲಕ ಇರಬೇಕೆಂದರು. ಎಸ್ಟೇಟಿನಲ್ಲಿ ಬೋರ್ಡು ಬರೆಯುವವನೂ ನಾನೇ. ಸಾವ್ಕಾರ್ರು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಕುಂಚ ಹಿಡಿದು ಕೆಂಪು ಬಣ್ಣದಲ್ಲಿ ಬರೆದೆ: "ಬೆಂಕಿ ಕಂಡ ಕೂಡಲೇ ಜಯಮ್ಮನವರನ್ನು ಕರೆಯತಕ್ಕದ್ದು. ರೈಟರು ಏನನ್ನೂ ಮುಟ್ಟಕೂಡದು."

ಅಕ್ಷರ ದುಂಡಗೆ ಬಂದಿದೆ ಎಂದು ಎಲ್ಲರೂ ಹೊಗಳಿದರು!